ಸಿದ್ದಜ್ಜಿಯ ಹದಿನಾಲ್ಕನೇ ಗುಳಿ

ಕಿವಿ ಇತ್ತ ಕೊಡಿ. ಕಾಲು ಮಡಿಸಿ ಕೂತ್ಕೊಳ್ಳಿ. ನಡುವೆ ನಾನು ತಡವರಿಸಿದರೆ ನೀವೇ ಎತ್ತಿಕೊಡಿ.

ಹುಳಿಯಾರಿನ ಗಿರಣಿ ಬೀದಿಯಲ್ಲಿ ಒಬ್ಬಳು ಸಿದ್ದಜ್ಜಿ. ಶಾಲೆಯಲ್ಲಿ ಮಕ್ಕಳಿಗೆ ಮರಗೆಲಸ ಕಲಿಸಿದವಳು. ಈಗ ಮನೆಯಲ್ಲೇ ಇದ್ದಾಳೆ. ಸುಮ್ಮನೆ ಕೂತಿದ್ದಾಳಾ? ಇಲ್ಲ.

ಅಜ್ಜಿಯ ಹತ್ತಿರ ಒಂದು ಸಿಎನ್‌ಸಿ ಮೆಷಿನ್ನಿದೆ. ಮೇಜಿನ ಮೇಲೆ ಕೂರುವಷ್ಟು ಪುಟ್ಟದು. ಅಜ್ಜಿ ಕಂಪ್ಯೂಟರಿನಲ್ಲಿ ಚಿತ್ರ ಬರೀತಾಳೆ. ಮೆಷಿನ್ನು ಅದನ್ನೇ ಮರದಲ್ಲಿ ಕೆತ್ತುತ್ತೆ. ಕೆತ್ತೋದಕ್ಕೆ ಒಂದು ಚೂಪು ಮೊನೆ. ಮೊನೆಯನ್ನು ಗಿರ್ರನೆ ತಿರುಗಿಸೋದಕ್ಕೆ ಒಂದು ಮೋಟರು. ಅದರ ಹೆಸರು ಸ್ಪಿಂಡಲ್ ಮೋಟರು. ಗಾತ್ರ ಮಾತ್ರ ಆಲೂಗಡ್ಡೆಯಷ್ಟು.

ಅಜ್ಜಿಗೆ ಒಬ್ಬಳು ಅಕ್ಕ, ಗುರುವಮ್ಮ. ವರ್ಷಕ್ಕೆ ಒಂದು ಸಲ ಬರ್ತಾಳೆ. ಒಂದೇ ದಿನ ಇರ್ತಾಳೆ. ಬಂದ ದಿನ ಅಕ್ಕ ತಂಗಿ ಅಳಗುಳಿ ಮಣೆ ಆಡಲೇಬೇಕು. ಆದರೆ ಅಕ್ಕನದು ಒಂದು ಕಟ್ಟುನಿಟ್ಟು. ಹೊತ್ತು ಮುಳುಗಿ ದೀಪ ಹಚ್ಚಿದ ಮೇಲೆ ಅಳಗುಳಿ ಮುಟ್ಟಬಾರದು. ಇದು ಅವರವ್ವನ ಕಾಲದ ಪದ್ಧತಿ.

ಈ ವರ್ಷ ಏನಾಯ್ತು ಗೊತ್ತಾ? ಹಳೇ ಮಣೆಗೆ ಗೆದ್ದಲು ಹತ್ತಿತು. ಮುಟ್ಟಿದರೆ ಪುಡಿ ಪುಡಿ. "ಹೋದರೆ ಹೋಗಲಿ, ಹೊಸದು ಕೆತ್ತುತ್ತೀನಿ" ಅಂದಳು ಅಜ್ಜಿ. ಹುಣಸೆ ಮರದ ಹಲಗೆ ತಂದಳು. ಹುಣಸೆ ಅಂದರೆ ಬಲು ಗಟ್ಟಿ. ಅಕ್ಕ ಬಂದು ಪಕ್ಕದಲ್ಲೇ ಕೂತಳು. ಅಜ್ಜಿ ಸ್ವಿಚ್ಚು ಒತ್ತಿದಳು.

ಗುಂಯ್, ಒಂದು ಗುಳಿ. ಗುಂಯ್, ಎರಡು ಗುಳಿ. ಮೂರು, ನಾಕು, ಐದು, ಆರು, ಏಳು. ಎಂಟು, ಒಂಬತ್ತು, ಹತ್ತು. ಹನ್ನೊಂದು, ಹನ್ನೆರಡು, ಹದಿಮೂರು. ಗುಂಯ್, ಗುಂ, ಗು... ಟುಸ್.

ಮೋಟರಿನಿಂದ ಹೊಗೆ ಬಂತು. ಮೋಟರು ಸುಟ್ಟುಹೋಯ್ತು. ಮಣೆಗೆ ಹದಿನಾಲ್ಕು ಗುಳಿ ಬೇಕು. ಇರೋದು ಹದಿಮೂರು.

"ಉಳಿ ತಗೊಂಡು ಕೆತ್ತೇ ಸಿದ್ದಿ" ಅಂದಳು ಅಕ್ಕ.

"ಕೈಯಲ್ಲಿ ಕೆತ್ತಿದ್ರೆ ಒಂದು ಗುಳಿ ದೊಡ್ಡದಾಗುತ್ತೆ. ಆಮೇಲೆ ನೀನೇ ಜಗಳ ತೆಗೀತೀಯ."

ಅಕ್ಕ ಯೋಚಿಸಿದಳು. "ಹೌದು, ತೆಗೀತೀನಿ" ಅಂದಳು. "ನಾಳೆ ಮೊದಲ ಬಸ್ಸಿಗೆ ನಾನು ಹೊರಟೆ. ಹೊತ್ತು ಮುಳುಗಿದರೆ ದೀಪ ಹಚ್ಚಿಬಿಡ್ತೀನಿ, ನೋಡು."

ಮೋಟರಿಲ್ಲದೆ ಗುಳಿಯಿಲ್ಲ. ಗುಳಿಯಿಲ್ಲದೆ ಆಟವಿಲ್ಲ. ಅಜ್ಜಿ ಸುಮ್ಮನೆ ಕೂತಳಾ? ಇಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಚಪ್ಪಲಿ ಮೆಟ್ಟಿದಳು. ಚಟಪಟ, ಚಟಪಟ, ಮೋಟರ್ ಅಂಗಡಿಗೆ ಹೋದಳು.

ಮೋಟರ್ ಅಂಗಡಿಯಲ್ಲಿ ಇಸಾಕು ಕೂತಿದ್ದ.

"ಇಸಾಕು, ಒಂದು ಮೋಟರು ಕೊಡಪ್ಪ. ಮೋಟರು ಬಂದರೆ ಗುಳಿ ಬರುತ್ತೆ. ಗುಳಿ ಬಂದರೆ ಆಟ ಆಡ್ತೀವಿ."

"ಆಲೂಗಡ್ಡೆ ಮೋಟರು ಹುಣಸೆಗೆ ಸಾಲಲ್ಲ ಅಜ್ಜಿ. ಇದು ನೋಡಿ." ಇಸಾಕು ಹೊಸ ಮೋಟರು ತೆಗೆದ. ಚೊಂಬಿನ ಗಾತ್ರದ ಮೋಟರು. ಫಳಫಳ ಹೊಳೆಯಿತು. ಅಜ್ಜಿಯ ಎದೆ ಡವಡವ ಅಂತು. ಇಂಥದ್ದು ಬೇಕು ಅಂತ ಅವಳಿಗೆ ಎಷ್ಟು ದಿನದ ಆಸೆ. ತಗೊಳ್ಳೋದಕ್ಕೆ ಎರಡೂ ಕೈ ಚಾಚಿದಳು.

ಇಸಾಕು ಕೊಡಲಿಲ್ಲ. "ಇದನ್ನ ಹಿಡಿಯೋ ಕ್ಲಾಂಪು ಇದೆಯಾ?" ಅಂದ. ಕ್ಲಾಂಪು ಅಂದರೆ ಮೋಟರನ್ನು ಮೆಷಿನ್ನಿಗೆ ಬಿಗಿಯಾಗಿ ಹಿಡಿಯುವ ದಪ್ಪ ಬಳೆ. ಅಜ್ಜಿಯದು ಆಲೂಗಡ್ಡೆ ಗಾತ್ರದ ಬಳೆ. ಚೊಂಬು ಅದರಲ್ಲಿ ಹೋಗುತ್ತಾ? ಹೋಗಲ್ಲ. "ದೊಡ್ಡ ಕ್ಲಾಂಪು ತನ್ನಿ. ಸಡಿಲ ಬಿಟ್ಟರೆ ಮೋಟರು ಹಾರಿ ನಿಮ್ಮ ಕಾಲ ಮೇಲೆ ಬೀಳುತ್ತೆ. ಕ್ಲಾಂಪು ತಂದರೆ ಮೋಟರು ಕೊಡ್ತೀನಿ."

ಕ್ಲಾಂಪಿಲ್ಲದೆ ಮೋಟರಿಲ್ಲ. ಮೋಟರಿಲ್ಲದೆ ಗುಳಿಯಿಲ್ಲ. ಗುಳಿಯಿಲ್ಲದೆ ಆಟವಿಲ್ಲ. ಅಜ್ಜಿ ಸುಮ್ಮನೆ ಕೂತಳಾ? ಇಲ್ಲ. ಚಟಪಟ, ಚಟಪಟ, ಲೇತ್ ಅಂಗಡಿಗೆ ಹೋದಳು.

ಲೇತ್ ಅಂಗಡಿಯಲ್ಲಿ ವೀರಾಚಾರಿ ನಿಂತಿದ್ದರು. ಲೇತು ಅಂದರೆ ಕಬ್ಬಿಣವನ್ನೇ ತಿರುಗಿಸಿ ಕೊರೆಯುವ ದೊಡ್ಡ ಯಂತ್ರ.

"ಆಚಾರ್ರೇ, ಒಂದು ಕ್ಲಾಂಪು ಮಾಡಿಕೊಡಿ. ಕ್ಲಾಂಪು ಬಂದರೆ ಮೋಟರು ಬರುತ್ತೆ. ಮೋಟರು ಬಂದರೆ ಗುಳಿ ಬರುತ್ತೆ. ಗುಳಿ ಬಂದರೆ ಆಟ ಆಡ್ತೀವಿ."

"ಅರ್ಧ ಗಂಟೆ ಕೆಲಸ ಕಣಜ್ಜಿ. ಆದ್ರೆ ಲೇತಿನ ಬೆಲ್ಟು ಕಿತ್ತುಹೋಗಿದೆ. ಬೆಲ್ಟಿಲ್ದೆ ಲೇತು ತಿರುಗಲ್ಲ. ಬೆಲ್ಟು ತಂದ್ರೆ ಕ್ಲಾಂಪು ಕೊಡ್ತೀನಿ."

ಬೆಲ್ಟಿಲ್ಲದೆ ಕ್ಲಾಂಪಿಲ್ಲ. ಕ್ಲಾಂಪಿಲ್ಲದೆ ಮೋಟರಿಲ್ಲ. ಮೋಟರಿಲ್ಲದೆ ಗುಳಿಯಿಲ್ಲ. ಗುಳಿಯಿಲ್ಲದೆ ಆಟವಿಲ್ಲ. ಅಜ್ಜಿ ಸುಮ್ಮನೆ ಕೂತಳಾ? ಇಲ್ಲ. ಚಟಪಟ, ಚಟಪಟ, ಹಿಟ್ಟಿನ ಗಿರಣಿಗೆ ಹೋದಳು.

ಗಿರಣಿಯಲ್ಲಿ ದಾಕ್ಷಾಯಿಣಿ ಅಕ್ಕಿ ಬೀಸುತ್ತಿದ್ದಳು. ಹುಬ್ಬೂ ಬಿಳಿ, ಮೂಗೂ ಬಿಳಿ.

"ದಾಕ್ಷಾಯಿಣಿ, ಒಂದು ಬೆಲ್ಟು ಕೊಡು ತಾಯಿ. ಬೆಲ್ಟು ಬಂದರೆ ಕ್ಲಾಂಪು ಬರುತ್ತೆ. ಕ್ಲಾಂಪು ಬಂದರೆ ಮೋಟರು ಬರುತ್ತೆ. ಮೋಟರು ಬಂದರೆ ಗುಳಿ ಬರುತ್ತೆ. ಗುಳಿ ಬಂದರೆ ಆಟ ಆಡ್ತೀವಿ."

"ಹೊಸಾ ಬೆಲ್ಟೇ ಇದೆ ಅಜ್ಜಿ. ಅಗೋ, ಅಟ್ಟದ ಮೇಲೆ ನೇತಾಕಿದೀನಿ. ಹತ್ತೋದು ಹೆಂಗೆ? ಏಣೀನ ಸೈಕಲ್ ಅಂಗಡಿ ಬೋರ್ಡು ಬರೆಯೋಕೆ ಪೇಂಟರ್ ಓಂಕಾರಿ ಒಯ್ದವನು ಇನ್ನೂ ತಂದಿಲ್ಲ. ಏಣಿ ತಂದ್ರೆ ಬೆಲ್ಟು ಕೊಡ್ತೀನಿ."

ಏಣಿಯಿಲ್ಲದೆ ಬೆಲ್ಟಿಲ್ಲ. ಬೆಲ್ಟಿಲ್ಲದೆ ಕ್ಲಾಂಪಿಲ್ಲ. ಕ್ಲಾಂಪಿಲ್ಲದೆ ಮೋಟರಿಲ್ಲ. ಮೋಟರಿಲ್ಲದೆ ಗುಳಿಯಿಲ್ಲ. ಗುಳಿಯಿಲ್ಲದೆ ಆಟವಿಲ್ಲ. ಸೂರ್ಯ ಆಗಲೇ ನೀರಿನ ಟ್ಯಾಂಕಿನ ಹಿಂದೆ ಇಳಿಯುತ್ತಿದ್ದ. ಅಜ್ಜಿ ಸುಮ್ಮನೆ ಕೂತಳಾ? ಕೂರುತ್ತಾಳಾ? ಚಟಪಟ, ಚಟಪಟ, ಚಟಪಟ, ಸೈಕಲ್ ಅಂಗಡಿಗೆ ಹೋದಳು.

ಸೈಕಲ್ ಅಂಗಡಿಯ ಗೋಡೆಗೆ ಏಣಿ. ಏಣಿಯ ತುದಿಯಲ್ಲಿ ಪೇಂಟರ್ ಓಂಕಾರಿ. ಬೋರ್ಡು ಬರೆದು ಎಷ್ಟೋ ಹೊತ್ತಾಗಿತ್ತು. ಆದರೂ ಇಳಿದಿರಲಿಲ್ಲ. ಯಾಕೆ?

"ಓಂಕಾರಿ, ಏಣಿ ಕೊಡಪ್ಪ. ಏಣಿ ಬಂದರೆ ಬೆಲ್ಟು ಬರುತ್ತೆ. ಬೆಲ್ಟು ಬಂದರೆ ಕ್ಲಾಂಪು ಬರುತ್ತೆ. ಕ್ಲಾಂಪು ಬಂದರೆ ಮೋಟರು ಬರುತ್ತೆ. ಮೋಟರು ಬಂದರೆ ಗುಳಿ ಬರುತ್ತೆ. ಗುಳಿ ಬಂದರೆ ಆಟ ಆಡ್ತೀವಿ."

"ಕೊಡಾನ ಅಂದ್ರೆ ಇಳಿಯೋದು ಹೆಂಗಜ್ಜಿ? ಕೆಳಗೆ ನೋಡಿ."

ಕೆಳಗೆ ಟಗರು. ಸುರುಳಿ ಸುರುಳಿ ಕೊಂಬಿನ ಟಗರು. ಏಣಿಗೆ ಒತ್ತಿಕೊಂಡು ನಿಂತಿತ್ತು. ಓಂಕಾರಿ ಒಂದು ಮೆಟ್ಟಿಲು ಇಳಿದ. ಟಗರು ತಲೆ ಆಡಿಸಿತು. ಓಂಕಾರಿ ಎರಡು ಮೆಟ್ಟಿಲು ಹತ್ತಿದ.

"ಮಧ್ಯಾಹ್ನದಿಂದ ನನ್ನೇ ಕಾಯ್ತಾ ಇದೆ. ಗುಮ್ಮೋದಕ್ಕೆ. ಅದು ಸರಿದ್ರೆ ಏಣಿ ಕೊಡ್ತೀನಿ."

ಟಗರು ಸರಿಯದೆ ಏಣಿಯಿಲ್ಲ. ಏಣಿಯಿಲ್ಲದೆ ಬೆಲ್ಟಿಲ್ಲ. ಬೆಲ್ಟಿಲ್ಲದೆ ಕ್ಲಾಂಪಿಲ್ಲ. ಕ್ಲಾಂಪಿಲ್ಲದೆ ಮೋಟರಿಲ್ಲ. ಮೋಟರಿಲ್ಲದೆ ಗುಳಿಯಿಲ್ಲ. ಗುಳಿಯಿಲ್ಲದೆ ಆಟವಿಲ್ಲ.

ಅಜ್ಜಿ ಟಗರಿನ ಮುಂದೆ ಹೋದಳು. "ಸರಿಯಪ್ಪ" ಅಂದಳು. ಟಗರು ಸರಿಯಲಿಲ್ಲ. "ಸರಿಯೋ ಮಾರಾಯ" ಅಂದಳು. ಟಗರು ತಲೆ ಆಡಿಸಿತು. ಈ ಸಲ ಅಜ್ಜಿ ಬಗ್ಗಿ ನೋಡಿದಳು. ಏನು ಕಂಡಳು? ಟಗರಿನ ಕೊರಳಲ್ಲಿ ಹಗ್ಗ. ಹಗ್ಗ ಏಣಿಯ ಕಾಲಿಗೆ ಸುತ್ತಿಕೊಂಡಿತ್ತು. ಒಂದು ಸುತ್ತು, ಎರಡು ಸುತ್ತು, ಮೂರು ಸುತ್ತು.

ಪಾಪ, ಟಗರು ಗುಮ್ಮೋದಕ್ಕೆ ನಿಂತಿರಲಿಲ್ಲ. ಸಿಕ್ಕಿಹಾಕಿಕೊಂಡಿತ್ತು. ಮೇಲಿದ್ದ ಓಂಕಾರಿ ಎಷ್ಟು ಹೆದರಿದ್ದನೋ, ಕೆಳಗಿದ್ದ ಟಗರೂ ಅಷ್ಟೇ ಹೆದರಿತ್ತು.

"ನಿನ್ನ ಕಷ್ಟ ಇದಾ ಕಂದ" ಅಂದಳು ಅಜ್ಜಿ. ಒಂದು ಸುತ್ತು ಬಿಚ್ಚಿದಳು. ಎರಡು ಸುತ್ತು ಬಿಚ್ಚಿದಳು. ಮೂರು ಸುತ್ತು ಬಿಚ್ಚಿದಳು. ಟಗರು ಬ್ಯಾ ಅಂತು, ಕುಪ್ಪಳಿಸಿ ಮನೆ ಕಡೆ ಓಡಿತು.

ಆಮೇಲೆ ನೋಡಿ, ಎಲ್ಲಾ ಚಕಚಕ!

ಟಗರು ಸರಿಯಿತು, ಓಂಕಾರಿ ಇಳಿದ. ಓಂಕಾರಿ ಇಳಿದ, ಏಣಿ ಕೊಟ್ಟ. ಏಣಿ ಬಂತು, ದಾಕ್ಷಾಯಿಣಿ ಹತ್ತಿದಳು, ಬೆಲ್ಟು ಕೊಟ್ಟಳು. ಬೆಲ್ಟು ಬಂತು, ಲೇತು ತಿರುಗಿತು, ಆಚಾರಿ ಕ್ಲಾಂಪು ಕೊಟ್ಟರು. ಕ್ಲಾಂಪು ಬಂತು, ಇಸಾಕು ಮೋಟರು ಕೊಟ್ಟ. ಅಜ್ಜಿ ಓಡಿದಳು. ಅಜ್ಜಿಯ ಹಿಂದೆ ಇಸಾಕು. ಇಸಾಕಿನ ಹಿಂದೆ ಆಚಾರಿ. ಆಚಾರಿಯ ಹಿಂದೆ ದಾಕ್ಷಾಯಿಣಿ. ದಾಕ್ಷಾಯಿಣಿಯ ಹಿಂದೆ ಓಂಕಾರಿ. ಚಟಪಟ, ಚಟಪಟ, ಇಡೀ ಬೀದಿಗೆ ಬೀದಿಯೇ ಚಟಪಟ.

ಮನೆಯಲ್ಲಿ ಅಕ್ಕ ಬೆಂಕಿಪೊಟ್ಟಣ ಹಿಡಿದು ಕೂತಿದ್ದಳು.

"ಇನ್ನೊಂದು ಚೂರು ತಡಿಯಕ್ಕ."

"ಸೂರ್ಯನಿಗೆ ಹೇಳು, ನನಗೇನು ಹೇಳ್ತೀಯ" ಅಂದಳು ಅಕ್ಕ.

ಆಚಾರಿ ಕ್ಲಾಂಪು ಕೂರಿಸಿದರು. ಇಸಾಕು ಮೋಟರು ತೂರಿಸಿದ. ಓಂಕಾರಿ ತಿರುಪು ಬಿಗಿದ. ದಾಕ್ಷಾಯಿಣಿ ಟಾರ್ಚು ಹಿಡಿದಳು. ಅಜ್ಜಿ ಎರಡು ತಂತಿ ಸಿಕ್ಕಿಸಿದಳು, ಮೊನೆ ಹಾಕಿದಳು, ಸ್ವಿಚ್ಚು ಒತ್ತಿದಳು. ಗುಂಯ್‌ಯ್‌ಯ್. ಎಂಥಾ ದನಿ ಅದು! ಅಜ್ಜಿಗೆ ಕುಣಿಯುವಷ್ಟು ಖುಷಿ ಆಯ್ತು.

ಮೊನೆ ಇಳಿಯಿತು. ಹುಣಸೆ ಹಲಗೆ ಮುಟ್ಟಿತು. ಗುಳಿ ಬಂತಾ? ಬರಲಿಲ್ಲ. ಹಲಗೆಯ ಮೇಲೆ ಒಂದು ಕಪ್ಪು ಚುಕ್ಕೆ ಬಂತು. ಸುಟ್ಟ ವಾಸನೆ ಬಂತು. ಅಜ್ಜಿ ಥಟ್ಟನೆ ನಿಲ್ಲಿಸಿದಳು.

"ಮೋಟರು ಸರಿಯಾಗಿದೆ" ಅಂದ ಇಸಾಕು. "ಕ್ಲಾಂಪೂ ಸರಿಯಾಗಿದೆ" ಅಂದರು ಆಚಾರಿ. "ತಿರುಪೂ ಬಿಗಿಯಾಗಿದೆ" ಅಂದ ಓಂಕಾರಿ. ದಾಕ್ಷಾಯಿಣಿ ಟಾರ್ಚು ನೋಡಿಕೊಂಡಳು. ಇಷ್ಟೆಲ್ಲ ಓಡಾಡಿ ಕೊನೆಗೆ ಹೀಗಾಗಬೇಕಾ?

ಆಗ ಅಕ್ಕ ಅಂದಳು. "ಸಿದ್ದಿ, ಆಗ ಪುಡಿಯೆಲ್ಲ ನನ್ನ ಸೀರೆ ಮೇಲೆ ಬೀಳ್ತಿತ್ತು. ಈಗ ಬಂದ ಚೂರು ಪುಡಿ ಆ ಗೋಡೆ ಕಡೆ ಹಾರ್ತು. ಯಾಕೇ?"

ಅಜ್ಜಿ ಅಕ್ಕನ ಮುಖ ನೋಡಿದಳು. ಗೋಡೆ ನೋಡಿದಳು. ತಂತಿ ನೋಡಿದಳು. ಅವಸರದಲ್ಲಿ ಕೆಂಪು ತಂತಿಯ ಜಾಗಕ್ಕೆ ಕಪ್ಪು ಹಾಕಿದ್ದಳು. ಕಪ್ಪು ತಂತಿಯ ಜಾಗಕ್ಕೆ ಕೆಂಪು ಹಾಕಿದ್ದಳು. ಮೋಟರು ಉಲ್ಟಾ ತಿರುಗುತ್ತಿತ್ತು, ಮೊನೆ ಕೊರೆಯದೆ ಬರೀ ಉಜ್ಜುತ್ತಿತ್ತು. ಮಕ್ಕಳಿಗೆಲ್ಲ ಪಾಠ ಹೇಳಿದ ಟೀಚರು, ನೋಡಿ.

ಮೆಷಿನ್ನಿನ ಪ್ಲಗ್ಗು ಕಿತ್ತಳು. ಕೆಂಪು ಕಿತ್ತಳು, ಕಪ್ಪು ಕಿತ್ತಳು. ಕೆಂಪಿನ ಜಾಗಕ್ಕೆ ಕೆಂಪು. ಕಪ್ಪಿನ ಜಾಗಕ್ಕೆ ಕಪ್ಪು. ಪ್ಲಗ್ಗು ಹಾಕಿದಳು. ಸ್ವಿಚ್ಚು ಒತ್ತಿದಳು.

ಗುಂಯ್‌ಯ್‌ಯ್. ಪುಡಿ ಹಾರಿತು. ಅಕ್ಕನ ಸೀರೆ ತುಂಬಾ ಪುಡಿ. ಅಕ್ಕ ಕೊಡವಲೇ ಇಲ್ಲ, ಬಗ್ಗಿ ನೋಡುತ್ತಿದ್ದಳು. ಹುಣಸೆ ಬೆಣ್ಣೆ ಆಯ್ತು. ಗುಳಿ ಇಳಿಯಿತು, ಇಳಿಯಿತು, ದುಂಡಗೆ, ನುಣ್ಣಗೆ. ಹನ್ನೆರಡು, ಹದಿಮೂರು, ಹದಿನಾಲ್ಕು!

ಟಗರಿನಿಂದ ಏಣಿ. ಏಣಿಯಿಂದ ಬೆಲ್ಟು. ಬೆಲ್ಟಿನಿಂದ ಕ್ಲಾಂಪು. ಕ್ಲಾಂಪಿನಿಂದ ಮೋಟರು. ಮೋಟರಿನಿಂದ ಗುಳಿ. ಇನ್ನು ಉಳಿದದ್ದು ಏನು? ಆಟ.

ಆದರೆ ಕಿಟಕಿಯಲ್ಲಿ ಬೆಳಕಿರಲಿಲ್ಲ. ಕಾಗೆಗಳು ಗೂಡು ಸೇರಿದ್ದವು. ಎಲ್ಲರೂ ಅಕ್ಕನ ಕೈ ನೋಡಿದರು. ಕೈಯಲ್ಲಿ ಒಂದು ಬೆಂಕಿಕಡ್ಡಿ.

ಅಕ್ಕ ಹದಿನಾಲ್ಕನೇ ಗುಳಿಯಲ್ಲಿ ಬೆರಳಾಡಿಸಿದಳು. ತಂಗಿಯ ಮುಖ ನೋಡಿದಳು. ಮುಖದ ತುಂಬಾ ಬೆವರು, ಮರದ ಪುಡಿ. ಅಕ್ಕ ಕಡ್ಡಿಯನ್ನು ಪೊಟ್ಟಣಕ್ಕೆ ಹಾಕಿದಳು. ಪೊಟ್ಟಣವನ್ನು ಸೊಂಟಕ್ಕೆ ಸಿಕ್ಕಿಸಿದಳು.

"ದೀಪ ಹಚ್ಚೋ ಹೊತ್ತು ಇನ್ನೂ ಆಗಿಲ್ಲ" ಅಂದಳು. "ದಾಕ್ಷಾಯಿಣಿ, ಆ ಟಾರ್ಚು ಇತ್ತ ಹಿಡಿ. ಸಿದ್ದಿ, ಕಾಳು ಹಾಕು. ಮೊದಲ ಆಟ ನಿಂದೇ."

ಅವರು ಅಲ್ಲಿ ಕಾಳು ಹಂಚುತ್ತಾ ಇದ್ದಾರೆ. ಗೆದ್ದವರು ಯಾರು ಅಂತ ನಂಗೂ ಇನ್ನೂ ಗೊತ್ತಾಗಿಲ್ಲ.