ದಾಸವಾಳದ ಮರೆ

ಪದ್ಮನಾಭಯ್ಯನವರ ಹಿತ್ತಲಿನ ದಾಸವಾಳದ ಗಿಡದಲ್ಲಿ ಒಂದು ಪಿಕಳಾರ ಹಕ್ಕಿ ಗೂಡು ಕಟ್ಟಿ ಎರಡು ಮರಿ ಮಾಡಿತ್ತು. ಅಯ್ಯನವರು ಹಕ್ಕಿಗಳಿಗೆಂದು ದಿನವೂ ತಟ್ಟೆಯಲ್ಲಿ ಬಾಳೆಹಣ್ಣು ಇಟ್ಟು, ಎದುರಿಗೆ ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ನಿಲ್ಲಿಸುತ್ತಿದ್ದರು. ಒಂದು ಬೆಳಿಗ್ಗೆ, ಮರಿಗಳ ಚಿತ್ರ ಚೆನ್ನಾಗಿ ಬರಲೆಂದು ಗೂಡಿನ ಮುಂದಿನ ರೆಂಬೆಗಳನ್ನು ಕತ್ತರಿಸಿ ಹಾಕಿದರು. ಪಿಕಳಾರ ಹುಳು ಹಿಡಿದು ತರುವಷ್ಟರಲ್ಲಿ ಕಾಗೆ ಒಂದು ಮರಿಯನ್ನು ಕಚ್ಚಿಕೊಂಡು ಹೋಗಿತ್ತು.

ಪಿಕಳಾರ ನೇರವಾಗಿ ಕ್ಯಾಮೆರಾದ ಎದುರು ಹೋಗಿ ಕೂತಿತು. "ನನ್ನ ಮನೆಯ ಮರೆಯನ್ನು ಯಾಕೆ ತೆಗೆಸಿದೆ?"

"ಎಲೆಯ ನೆರಳಲ್ಲಿ ನಿನ್ನ ಮಕ್ಕಳ ಮುಖವೇ ಕಾಣುತ್ತಿರಲಿಲ್ಲ," ಎಂದಿತು ಕ್ಯಾಮೆರಾ.

"ಕಾಣಬಾರದೆಂದೇ ನಾನು ಅಲ್ಲಿ ಗೂಡು ಕಟ್ಟಿದ್ದು."

"ನನ್ನ ಮೇಲೇಕೆ ಸಿಟ್ಟು? ನಿನ್ನ ಮರಿಯನ್ನು ನಾನು ಮುಟ್ಟಲೂ ಇಲ್ಲ. ನನ್ನ ಕೆಲಸ ನೋಡುವುದಷ್ಟೇ."

"ಹಾಗಾದರೆ ಕಾಗೆ ಬಂದದ್ದನ್ನೂ ನೋಡಿರಬೇಕು."

"ನೋಡಿದೆ. ಆ ಚಿತ್ರವೇ ಎಲ್ಲಕ್ಕಿಂತ ಚೆನ್ನಾಗಿ ಬಂದಿದೆ," ಎಂದಿತು ಕ್ಯಾಮೆರಾ, ಹೆಮ್ಮೆಯಿಂದ.

ಪಿಕಳಾರದ ಮೈಯೆಲ್ಲ ಉರಿದುಹೋಯಿತು. ಆ ಗಾಜಿನ ಕಣ್ಣನ್ನು ಕುಕ್ಕಿ ಕುಕ್ಕಿ ತನ್ನ ಕೊಕ್ಕೇ ನೊಂದಿತೇ ಹೊರತು ಗಾಜಿಗೆ ಒಂದು ಗೀರೂ ಬೀಳಲಿಲ್ಲ. ಅಷ್ಟರಲ್ಲಿ ಉಳಿದ ಮರಿ ಕೂಗಿತು. ಪಿಕಳಾರ ಗೂಡಿಗೆ ಹಾರಿ, ರೆಂಬೆ ಕಡಿದ ಜಾಗದಲ್ಲಿ ರೆಕ್ಕೆ ಅಗಲಿಸಿ, ಮರಿಗೆ ಅಡ್ಡವಾಗಿ ಸುಡುಬಿಸಿಲಿನಲ್ಲೇ ಕೂತುಬಿಟ್ಟಿತು.

ಅಯ್ಯನವರು ಬಂದು ಕ್ಯಾಮೆರಾದಲ್ಲಿ ಇಣುಕಿದರು. ಹಕ್ಕಿಯ ಬೆನ್ನು ಮಾತ್ರ ಕಂಡಿತು. "ಸ್ವಲ್ಪ ಈ ಕಡೆ ತಿರುಗಮ್ಮ," ಎಂದು ಚಪ್ಪಾಳೆ ತಟ್ಟಿದರು. ಸಿಳ್ಳೆ ಹಾಕಿದರು. ಹೊತ್ತು ಇಳಿದು, ಬೆಳಕು ಸಾಲದೆ ಅವರು ಕ್ಯಾಮೆರಾವನ್ನು ಚೀಲಕ್ಕೆ ಹಾಕಿಕೊಳ್ಳುವವರೆಗೂ ಪಿಕಳಾರ ತಿರುಗಲಿಲ್ಲ.