ಚೆಲುವಯ್ಯನ ಅರ್ಧ ಕ್ಷೌರ

ನಮ್ಮಜ್ಜನ ಅಜ್ಜನಿಗೇ ಇನ್ನೂ ಹಲ್ಲು ಮೂಡಿರದ ಕಾಲ ಕಣ್ರಪ್ಪ. ಹೊಂಗೆಮಾಳ ಅಂತ ಒಂದೂರು. ಆ ಊರಲ್ಲಿ ಚೆಲುವಯ್ಯ ಅಂತ ಒಬ್ಬ ಕ್ಷೌರ ಮಾಡೋನು ಇದ್ನಂತೆ. ಅವನ ಕತ್ತಿ ಎಷ್ಟು ಹರಿತ ಅಂದ್ರೆ, ಅದರ ಮೇಲೆ ಕೂತ ನೊಣ ಎರಡು ನೊಣ ಆಗಿ ಹಾರೋಗ್ತಿತ್ತಂತೆ. ನಾನು ನೋಡಿಲ್ಲಪ್ಪ. ನೋಡಿದೋರನ್ನ ನೋಡಿದೋರನ್ನ ನೋಡಿದೀನಿ.

ಕೈ ಚಿನ್ನದಂಥದ್ದು, ಬಾಯಿದೇ ತೊಂದ್ರೆ. ತಲೆಯೊಂದು ಕೈಗೆ ಸಿಕ್ತು ಅಂದ್ರೆ ಪ್ರಶ್ನೆ ಶುರು ಮಾಡೋನಂತೆ.

ಒಂದಿನ ಊರಿಗೆ ದೊಡ್ಡ ಗುರುಗಳು ಬಂದ್ರು. ಹಸಿದೋರಿಗೆ ಉಣ್ಣೋಕಿಕ್ಕಿ, ಮಿಕ್ಕಿದ್ದು ಆಮೇಲೆ ಮಾತಾಡಣ ಅಂದ್ರಂತೆ. ಊರೇ ಕಾಲಿಗೆ ಬಿತ್ತು. ಬೆಳಗ್ಗೆ ಗುರುಗಳು ಕ್ಷೌರಕ್ಕೆ ಕೂತ್ರು. ಬಲಗಡೆ ಮೂಡಲ ಬೀದಿಯೋರು ಕೂತ್ರು, ಎಡಗಡೆ ಪಡುವಲ ಬೀದಿಯೋರು ಕೂತ್ರು. ಬಲಗಡೆ ಅರ್ಧ ತಲೆ ಬೋಳಿಸಿ ಆಗಿತ್ತು. ಆಗ ನಮ್ಮ ಚೆಲುವಯ್ಯ, ಸ್ವಾಮ್ಯೋರೆ, ಸತ್ತಮೇಲೆ ಏನಾಯ್ತದೆ ಅಂತ ಕೇಳ್ಬಿಟ್ಟ.

ಗುರುಗಳು ಬೆಚ್ಚಿಬಿದ್ರಂತೆ. "ತಡಿ ಕಣಯ್ಯ, ತಿಳ್ಕಂಡ್ ಬತ್ತೀನಿ" ಅಂದು ಎದ್ದೇಬಿಟ್ರು. ಬಲಕ್ಕೂ ತಿರುಗಲಿಲ್ಲ, ಎಡಕ್ಕೂ ತಿರುಗಲಿಲ್ಲ, ನೆಟ್ಟಗೆ ನಡೆದ್ರು. ಹೋದೋರು ಹೋದ್ರು. ಇನ್ನೂ ಬಂದಿಲ್ಲ.

ಅಲ್ಲೇ ನೋಡಿ ಎರಡು ಮತ ಹುಟ್ಟಿದ್ದು! ಮೂಡಲ ಬೀದಿಯೋರು ಕಂಡಿದ್ದು ಬರೀ ಬೋಳು. ಲೋಕದಲ್ಲಿ ಏನೂ ಇಲ್ಲ, ಎಲ್ಲಾ ಬೋಳೇ ಅಂತ ಗುರುಗಳು ತೋರಿಸಿದ್ರು ಅಂದ್ರು. ಪಡುವಲ ಬೀದಿಯೋರು ಕಂಡಿದ್ದು ಬರೀ ಕೂದಲು. ಎಲ್ಲಾ ಇದೆ, ಇನ್ನೂ ಬೆಳೀತಾ ಇದೆ ಅಂದ್ರು. ಬೋಳಿನ ಮೇಲೆ ಗಾಡಿಗಟ್ಟಲೆ ಗ್ರಂಥ ಬರೆದ್ರಂತೆ. ಕೂದಲಿನ ಮೇಲೆ ಅದಕ್ಕಿಂತ ಒಂದು ಗಾಡಿ ಜಾಸ್ತಿ. ಇತ್ತ ಒಬ್ಬ ರಾಜ ತಲೆ ಬೋಳಿಸ್ಕಂಡ, ಅತ್ತ ಒಬ್ಬ ರಾಜ ಜಡೆ ಬಿಟ್ಟ. ಕಡಲಾಚೆ ದ್ವೀಪದಲ್ಲೂ ಗಂಡಹೆಂಡ್ರು ಇದೇ ವಿಷಯಕ್ಕೆ ಬೇರೆ ಒಲೆ ಹೂಡಿದ್ರಂತೆ.

ಚೆಲುವಯ್ಯ ಎಲ್ಲರಿಗೂ ಹೇಳ್ದ. ಅಯ್ಯೋ, ಕ್ಷೌರ ಅರ್ಧಕ್ಕೇ ನಿಂತೋಯ್ತು ಕಣ್ರಪ್ಪ, ಅಷ್ಟೇಯ ಅಂದ. ಗುರುನಿಂದೆ ಮಾಡ್ತೀಯಾ ಅಂತ ಎರಡು ಬೀದಿಯೋರೂ ಸೇರಿ ಒದ್ರಂತೆ. ಅವರು ಸೇರಿ ಮಾಡಿದ ಕೆಲಸ ಅದೊಂದೇ.

ಕಡೆಗೆ ಆ ಇಬ್ಬರು ರಾಜರಿಗೂ ಯುದ್ಧ ನಿಕ್ಕಿಯಾಯ್ತು. ಹೊಂಗೆಮಾಳದ ಬಯಲಲ್ಲೇ. ಚೆಲುವಯ್ಯನ ಮಗ ಬೋಳಿನ ಪಡೇಲಿ, ಅಳಿಯ ಜಡೆಯ ಪಡೇಲಿ. ಹೆಂಡ್ತಿ ದೇವೀರಮ್ಮ ಸೌಟು ಹಿಡ್ಕಂಡು ನಿಂತ್ಲು.

"ಸತ್ತಮೇಲೆ ಏನಾಯ್ತದೆ ಅಂತ ಕೇಳ್ದಲ್ಲ? ನಾಳೆ ಮಗ ಸಾಯ್ತಾನೆ, ಇಲ್ಲ ಮಗಳು ರಂಡೆ ಆಯ್ತಾಳೆ. ನೋಡ್ಕೋ, ಉತ್ತರ ಸಿಕ್ತದೆ!"

"ನಾನೇನೇ ಮಾಡ್ಲಿ? ನನ್ನ ಕೈಲಿರೋದು ಇಷ್ಟುದ್ದ ಕತ್ತಿ."

"ಬಾಯಿ ಮುಚ್ಕಂಡು ಅದನ್ನಾದ್ರೂ ಆಡ್ಸು!"

ಆಗಿನ ಕಾಲದಲ್ಲಿ ಮುಖದ ಕ್ಷೌರ ಮಾಡಿಸ್ಕಳ್ದೆ ಯಾರೂ ಯುದ್ಧಕ್ಕೆ ಇಳೀತಿರಲಿಲ್ಲ. ಕ್ಷೌರ ಮಾಡೋಕೆ ಇದ್ದೋನು ಇವನೊಬ್ಬನೇ. ಬೆಳಗಾಗ್ತಿದ್ದಂಗೆ ಎರಡು ಪಡೆನೂ ಸಾಲು ನಿಂತ್ವು, ಸಾಲು ಎರಡು ಹರದಾರಿ. ಹುಟ್ಟಿದ ಮೇಲೆ ಮೊದಲನೇ ಸಲ ಚೆಲುವಯ್ಯ ತುಟಿ ಪಿಟಕ್ ಅನ್ನಲಿಲ್ಲವಂತೆ. ಒಬ್ಬೊಬ್ಬಂದೂ ಕೆನ್ನೆ ಕೆರೆದ, ಮೂಗಿನ ಕೆಳಗೆ ಸರಕ್ ಅಂತ ಒಂದು ಎಳೆದ, ಮೂತಿಗೆ ಒದ್ದೆಬಟ್ಟೆ ಸುತ್ತಿದ. ಕಹಳೆ ಊದೋವರೆಗೂ ಬಿಚ್ಚಬೇಡಿ ಅಂತ ಕೈಸನ್ನೆ ಮಾಡಿದ. ಯುದ್ಧದ ಕ್ಷೌರ ಹಿಂಗೇ ಇರ್ಬೇಕು ಅಂದ್ಕಂಡು ಸುಮ್ನಾದ್ರು.

ಕಹಳೆ ಊದಿದ್ರು. ಜೈ ಅನ್ನೋಕೆ ಮೂತಿ ಬಟ್ಟೆ ಬಿಚ್ಚಿದ್ರು. ಇತ್ತ ನೋಡಿದ್ರೆ ಎಲ್ಲರಿಗೂ ಅರ್ಧ ಮೀಸೆ, ಅತ್ತ ನೋಡಿದ್ರೂ ಅರ್ಧ ಮೀಸೆ! ಮಗನ್ನ ನೋಡಿ ಅಳಿಯ ಕಿಸಕ್ ಅಂದ. ಅಳಿಯನ್ನ ನೋಡಿ ಮಗ ನೆಲಕ್ಕೆ ಬಿದ್ದು ಉರುಳಾಡ್ದ. ಆನೆಗಳೂ ನಕ್ಕವಂತೆ. ಒಬ್ಬ ದಳವಾಯಿ ಮಾತ್ರ ನುಗ್ರೋ ಅಂತ ಕೂಗ್ದ. "ನೀವೇ ಮುಂದೆ ನಡೀರಿ ಬುದ್ಧಿ. ಈ ಮೂತೀಲಿ ಸತ್ರೆ ಹೆಂಡ್ರು ಅಳ್ತಾರಾ?" ಅಂದ್ರಂತೆ ಪಡೆಯೋರು. ಅವನೂ ಮೂಗಿನ ಕೆಳಗೆ ಮುಟ್ಟಿ ನೋಡ್ಕಂಡು ಕುದುರೆ ಇಳಿದ.

ಎಲ್ಲಾ ಚೆಲುವಯ್ಯನ ಮೇಲೆ ಬಿದ್ರು. ಅವನು ಕತ್ತಿ ಎತ್ತಿ ಪಕ್ಕದಲ್ಲಿದ್ದ ಬಾವಿ ಮೇಲೆ ಹಿಡಿದ. ಎದುರು ಬೀದೀಲಿ ಉಂಡು ಬಂದೋರಿಗೆ ಮಿಕ್ಕ ಅರ್ಧ ತೆಗೀತೀನಿ, ಇಲ್ದಿದ್ರೆ ಇದು ಬಾವಿಗೆ ಅಂದ. ಏನ್ಮಾಡ್ತಾರೆ? ಉಂಡ್ರು. ಹುರುಳಿ ಸಾರು ಅಲ್ಲೂ ಅದೇ, ಇಲ್ಲೂ ಅದೇ.

ಈಗ್ಲೂ ಹೊಂಗೆಮಾಳದಲ್ಲಿ ವರ್ಷಕ್ಕೊಂದಿನ ಗಂಡಸರು ಅರ್ಧ ಮೀಸೆ ತೆಗೆಸ್ಕಂಡು ಎದುರು ಬೀದಿಗೆ ಊಟಕ್ಕೆ ಹೋಗ್ತಾರೆ. ಮನೆ ಹೆಂಗಸರು ಮೂತಿ ನೋಡಿ ನಗೋವರೆಗೂ ಎಲೆ ಹಾಕೋ ಹಂಗಿಲ್ಲ. ಉಂಡು ಕೈ ತೊಳೆದ ಮೇಲೆ ಜಗಲೀಲಿ ಕೂತು, ಲೋಕ ಇದೆಯೋ ಇಲ್ವೋ ಅಂತ ಕತ್ತಿನ ನರ ಉಬ್ಬೋ ಹಂಗೆ ಜಗಳ ಆಡ್ತಾರೆ. ಆಡ್ಲಿ ಬಿಡಿ. ಕೈಲಿ ಅಡಿಕೆ ಎಲೆ ಬಿಟ್ರೆ ಏನೂ ಇರಲ್ಲ.