ಡೊಳ್ಳುರಾಯನ ಗುಂಡಿ, ಆಕಾಶಕ್ಕೆ ಹಾರಿದ ಕಾಜ

ಒಂದಾನೊಂದು ಊರಿನಲ್ಲಿ, ಊರು ಅಂದರೆ ಪೂರ್ತಿ ಊರೂ ಅಲ್ಲ ಕಣ್ರಪ್ಪ, ಅರ್ಧ ಸಮುದ್ರಕ್ಕೆ ಜಾರಿಬಿಟ್ಟಿತ್ತು, ಅಲ್ಲಿ ಶೇವಂತಿ ಅಂತ ಒಬ್ಬಳಿದ್ದಳು. ಬೆಳಿಗ್ಗೆ ಬೆನ್ನಿಗೆ ಗಾಳಿ ಸಿಲಿಂಡರ್ ಕಟ್ಟಿಕೊಂಡು ಸಮುದ್ರದ ತಳಕ್ಕೆ ಮುಳುಗುತ್ತಿದ್ದಳು. ಮಧ್ಯಾಹ್ನ ಹಿತ್ತಲಲ್ಲಿ ರಾಕೆಟ್ ಕಟ್ಟುತ್ತಿದ್ದಳು. ಸಂಜೆ ಕತೆ ಬರೆಯುತ್ತಿದ್ದಳು. ಮೂರೂ ಅವಳಿಗೆ ಪ್ರಾಣ. ಆದರೆ ಮನಸ್ಸು ಒಂದು ಕಡೆ ನಿಂತರೆ ತಾನೆ? ನೀರಲ್ಲಿದ್ದರೆ ರಾಕೆಟ್ಟಿನ ಚಿಂತೆ. ರಾಕೆಟ್ ಹತ್ತಿರ ಹೋದರೆ ಕತೆಯ ಚಿಂತೆ. ಬರೆಯಲು ಕೂತರೆ ಕಾಲು ನೀರಿಗೆ ಎಳೆಯುತ್ತಿತ್ತು.

"ನನ್ನ ಜೊತೆ ಕೂರೇ," ಅನ್ನುತ್ತಿತ್ತು ಪೆನ್ನು.

"ಗಾಳಿ ಸೋರ್ತಿದೆ, ಬಾರೇ," ಅನ್ನುತ್ತಿತ್ತು ಸಿಲಿಂಡರ್.

"ನಂಗಿನ್ನೂ ಬಾಲಾನೇ ಬಂದಿಲ್ಲ!" ಅಂತ ರಾಕೆಟ್ ಗೊಳೋ ಅನ್ನುತ್ತಿತ್ತು.

ಈ ಗಲಾಟೆಗೆ ರಾಜ ಡೊಳ್ಳುರಾಯನ ನಿದ್ದೆ ಕೆಟ್ಟಿತು. "ಏಯ್ ಶೇವಂತಿ! ಒಬ್ಬರಿಗೆ ಒಂದೇ ಕೆಲಸ! ನನ್ನನ್ನು ನೋಡು, ರಾಜ, ಅಷ್ಟೇ. ನಾಳೆ ಒಂದನ್ನು ಇಟ್ಟುಕೋ. ಉಳಿದೆರಡನ್ನು ಮೊಸಳೆ ಬಾಯಿಗೆ ಹಾಕಿಸ್ತೀನಿ!"

ಕೂಗಿದ ರಭಸಕ್ಕೆ ಹೊಟ್ಟೆ ಉಬ್ಬಿತು. ಅಂಗಿಯ ಗುಂಡಿ ಟಪ್ಪಂತ ಹಾರಿ ಸಮುದ್ರಕ್ಕೆ ಬಿತ್ತು. "ಅವನೇ ಹೋದ ಮೇಲೆ ನನಗೇನು ಕೆಲಸ?" ಅಂತ ಗುಂಡಿ ತೂರಿಸುವ ತೂತು, ಆ ಕಾಜವೂ ಅಂಗಿ ಬಿಟ್ಟು ಆಕಾಶಕ್ಕೆ ಹಾರಿತು. ಆ ರಾಜ್ಯದಲ್ಲಿ ಹೊಕ್ಕುಳು ಕಂಡ ರಾಜ ರಾಜನೇ ಅಲ್ಲ. ಡೊಳ್ಳುರಾಯ ಎರಡೂ ಕೈಯಲ್ಲಿ ಅಂಗಿ ಹಿಡಿದು ಕೂತ. "ತಾಯೀ ಶೇವಂತಿ, ತಂದುಕೊಡೇ!" ಅಂದ.

ಶೇವಂತಿ ಮುಳುಗಿದಳು. ಗುಂಡಿ ಏಡಿಯ ಬೆನ್ನೇರಿ ಕೂತಿತ್ತು. "ಕಾಜ ಬಂದರೆ ಮಾತ್ರ ಹೊಲಿಸಿಕೊಳ್ತೀನಿ," ಅಂದಿತು. ಅದನ್ನು ಸೆರಗಿಗೆ ಕಟ್ಟಿಕೊಂಡು, ಬಾಲವಿಲ್ಲದ ರಾಕೆಟ್ಟೇರಿ ಹಾರಿದಳು. ಚಂದ್ರನ ಪಕ್ಕ ಕಾಜ ಮುನಿಸಿಕೊಂಡು ಕೂತಿತ್ತು. ಉಂಗುರದ ಹಾಗೆ ಬೆರಳಿಗೆ ಸಿಕ್ಕಿಸಿಕೊಂಡು ಇಳಿದಳು.

"ಬಿಟ್ಟುಹೋದವನು ನೀನು!" ಅಂದಿತು ಕಾಜ.

"ಹಿಂದೆ ಬರದವಳು ನೀನು!" ಅಂದಿತು ಗುಂಡಿ.

ಶೇವಂತಿ ಕೂತು ಒಂದು ಕತೆ ಬರೆದಳು. ಅದರಲ್ಲಿ ತಪ್ಪೆಲ್ಲ ಹೊಟ್ಟೆಯದೇ. ಇಬ್ಬರೂ ಓದಿದರು, ಅತ್ತರು, ತಬ್ಬಿಕೊಂಡರು. ಹೊಲಿಯಲು ದಾರವಿರಲಿಲ್ಲ. ಕತೆಯ ಕೊನೆಯ ಸಾಲನ್ನು ಎಳೆದು ಸೂಜಿಗೆ ಪೋಣಿಸಿ, ಎರಡನ್ನೂ ಅಂಗಿಗೆ ಹೊಲಿದುಬಿಟ್ಟಳು.

"ಭೇಷ್!" ಅಂದ ರಾಜ. "ಈಗ ಹೇಳು, ಯಾವುದನ್ನು ಇಟ್ಟುಕೊಳ್ತೀಯ?"

ಮೊಸಳೆ ಆಗಲೇ ಬಾಯಿ ತೆರೆದು ಬಾಗಿಲಲ್ಲಿ ಕಾದಿತ್ತು. ಪೆನ್ನು, ಸಿಲಿಂಡರ್, ರಾಕೆಟ್ ಮೂರೂ ಶೇವಂತಿಯ ಸೆರಗು ಹಿಡಿದುಕೊಂಡವು.

"ಆಗಲಿ ಮಹಾಪ್ರಭು," ಅಂದಳು. "ಗುಂಡಿ ಮುಳುಗಿ ತಂದದ್ದು. ಕಾಜ ಹಾರಿ ತಂದದ್ದು. ಹೊಲಿಗೆ ಬರೆದು ಹಾಕಿದ್ದು. ಮೊದಲು ನೀವೇ ಹೇಳಿ, ಇದರಲ್ಲಿ ಯಾವುದು ಇರಲಿ? ಉಳಿದೆರಡನ್ನು ಈಗಲೇ ಬಿಚ್ಚಿಬಿಡ್ತೀನಿ."

ಸಭೆಯವರೆಲ್ಲ ಹೊಕ್ಕುಳು ನೋಡಲು ಕತ್ತು ಚಾಚಿದರು.

"ಬೇಡವೇ ತಾಯಿ!" ರಾಜ ಹೊಟ್ಟೆ ಹಿಡಿದುಕೊಂಡ. "ಮೂರೂ ಇರಲಿ!"

ಆಮೇಲೆ ಶೇವಂತಿ ನೆಮ್ಮದಿಯಾಗಿದ್ದಳಾ ಅಂತೀರಾ? ಎಲ್ಲಿಯ ನೆಮ್ಮದಿ! ಮನೆ ಮುಟ್ಟುವ ಮೊದಲೇ ರಾಕೆಟ್ ಬಾಲಕ್ಕೆ ಅಳತೊಡಗಿತು. ಇವತ್ತಿಗೂ ಓಡುತ್ತಲೇ ಇದ್ದಾಳೆ. ಖುಷಿಯಾಗಿಯೇ ಓಡುತ್ತಿದ್ದಾಳೆ.

ನೀತಿ ಬೇಕೇನ್ರಪ್ಪ? ಒಂದೇ ಕೆಲಸ ಮಾಡು ಅಂತ ಯಾರಾದರೂ ಕೂಗಿದರೆ, ಅವರ ಅಂಗಿಯ ಗುಂಡಿ ಮೇಲೆ ಒಂದು ಕಣ್ಣಿಡಿ. ಕತೆ ಮುಳುಗಿತು, ನಾನು ಹಾರಿದೆ, ನೀವು ಬೇಕಾದರೆ ಬರೆದುಕೊಳ್ಳಿ.